ಕೊನೆಯ ಹಾಳೆಯ ಪಂಡಿತರು

ಮಧುಕರರಾಯರಿಗೆ ಒಂದೇ ಕೊರಗು. ಇಷ್ಟೆಲ್ಲ ಓದಿಕೊಂಡ ತಮ್ಮನ್ನು ಬೆಳಗಾವಿಯ ನಾಲ್ಕು ಜನ ಮೆಚ್ಚುತ್ತಾರೆ, ಕಟ್ಟಿಕೊಂಡ ಹೆಂಡತಿ ಮಾತ್ರ ಮೆಚ್ಚುವುದಿಲ್ಲ! ಸಂಜೆ ರವಿವಾರ ಪೇಟೆಯ ವಾಚನಾಲಯದ ಕಟ್ಟೆಯ ಮೇಲೆ ಕೂತು ಅವರು ಬಾಯಿ ತೆರೆದರೆಂದರೆ, ಗೆಳೆಯ ಮಾರ್ತಾಂಡರಾಯರು ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸಿ ಕೇಳುತ್ತಿದ್ದರು. ಕಾಶೀಯಾತ್ರೆಯ ಪುಸ್ತಕವೇ? "ಉತ್ತಮ ಗ್ರಂಥ. ಬರೆದವರು ಸುಖರೂಪ ಮನಿ ಮುಟ್ಟತಾರ." ಐದಂಕದ ನಾಟಕವೇ? "ಕೊನೀಗೆ ಒಬ್ಬರೂ ಉಳಿಯೂದಿಲ್ಲ. ಇನ್ನ ಮಂಗಳಾರತಿಗೆ ಯಾರು ನಿಂದರಬೇಕು?" ಪಾಕಶಾಸ್ತ್ರವೇ? "ಕಡೀಕ ಅಜೀರ್ಣದ ಔಷಧ ಕೊಟ್ಟಾರ. ಅಂದ್ರ ತಮ್ಮ ಅಡಿಗಿ ತಾವೇ ಉಂಡು ನೋಡ್ಯಾರ." ವೇದಾಂತವೇ? "ಗ್ರಂಥಕರ್ತರು ತಮ್ಮ ತಪ್ಪೆಲ್ಲಾ ತಾವೇ ಒಪ್ಪಿಕೊಂಡಾರ. ಅಂಥಾ ವಿನಯ ಈಗಿನವರಿಗೆ ಎಲ್ಲಿ ಬರಬೇಕು!" (ಅದು ಅಚ್ಚಿನ ತಪ್ಪುಗಳ ಪಟ್ಟಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.)

ಜಾಣ ವಾಚಕರಿಗೆ ಗುಟ್ಟು ಹೊಳೆದಿರಬೇಕು. ರಾಯರು ಓದುತ್ತಿದ್ದದ್ದು ಕೊನೆಯ ಹಾಳೆಯನ್ನಷ್ಟೇ. ಇದು ಸೋಮಾರಿತನವಲ್ಲ, ಉದ್ಯೋಗಧರ್ಮ. ಅವರು ಕೋರ್ಟಿನಲ್ಲಿ ನಕಲು ಬರೆಯುವ ಕಾರಕೂನರು. ಖಟ್ಲೆಯ ಕಾಗದ ಎಷ್ಟೇ ದಪ್ಪವಿರಲಿ, ಯಾರು ಗೆದ್ದರು ಯಾರು ಸೋತರು ಎಂಬುದು ಕೊನೆಯ ಹಾಳೆಯಲ್ಲಿ ಇರುತ್ತದೆ. ಉಳಿದದ್ದೆಲ್ಲ ವಕೀಲರ ಗಂಟಲು ಒಣಗಿದ ಕಥೆ. ಸಾಹಿತ್ಯವೂ ಹಾಗೆಯೇ ಎಂದು ರಾಯರು ತೀರ್ಮಾನಿಸಿ ಬಿಟ್ಟಿದ್ದರು.

ಹೆಂಡತಿ ಕುಂದಾಬಾಯಿಯ ಓದು ಬೇರೆ ಥರದ್ದು. ಆಕೆ ಖಾನಾಪುರದ ಹುಡುಗಿ, ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಗಂಡ ತರುತ್ತಿದ್ದ ಪುಸ್ತಕಗಳಿಂದಲೇ. ರಾತ್ರಿ ಕೆಲಸ ತೀರಿದ ಮೇಲೆ ಸಾಲಿನ ಕೆಳಗೆ ಬೆರಳಿಟ್ಟು, ಸಣ್ಣ ದನಿಯಲ್ಲಿ, ನಿಧಾನವಾಗಿ ಓದುತ್ತಿದ್ದಳು. ಪುಸ್ತಕದೊಳಗಿನವರೆಲ್ಲ ಆಕೆಗೆ ಓಣಿಯವರಿದ್ದಂತೆ. ನಾಯಕಿಗೆ ಜ್ವರ ಬಂದರೆ, "ಪಾಪ, ಯಾರರೆ ಗಂಜಿ ಕಾಸಿ ಕೊಟ್ಟರೋ ಇಲ್ಲೋ" ಎಂದು ಒಲೆಯ ಮುಂದೆ ಕೂತು ಮರುಗುತ್ತಿದ್ದಳು.

ಆ ಸಲ ಆಕೆಯ ಕೈಯಲ್ಲಿದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಮುದಿ ಜಹಗೀರದಾರನಿಗೆ ಯಾರೋ ವಿಷ ಹಾಕಿದ್ದರು.

"ಯಾರು ಹಾಕಿರಬೇಕು?" ಎಂದಳು ಸಾರು ಬಡಿಸುತ್ತ, ತನ್ನಷ್ಟಕ್ಕೆ ತಾನೇ.

"ಮತ್ಯಾರು? ಆ ಪೂಜಾರಿ!" ಎಂದರು ರಾಯರು ಅನ್ನ ಕಲಸುತ್ತ.

ಸೌಟು ಅಲ್ಲೇ ನಿಂತಿತು. "ನಿಮಗ ಹ್ಯಾಂಗ ಗೊತ್ತು?"

"ಕೊನೀ ಹಾಳ್ಯಾಗ ಬರದಾರಲ್ಲ, ಗಲ್ಲಿಗೆ ಹಾಕಿದರು ಅಂತ."

"ಆ ಪೂಜಾರಿ ಮ್ಯಾಲೆ ನಾ ಎಷ್ಟು ಭಕ್ತಿ ಇಟ್ಟಿದ್ದೆ! ಇಷ್ಟು ದಿನಾ ಕಷ್ಟಪಟ್ಟು ಓದಿದ್ದು ನಾನೇ ಕಂಡುಹಿಡೀಬೇಕಂತ!"

"ಹುಚ್ಚಿ, ನಿನ್ನ ಶ್ರಮಾ ಉಳಿಸಿದೆ."

"ನನ್ನ ಶ್ರಮಾ ಉಳಿಸೂದಿದ್ರ ಭಾಂಡಿ ತಿಕ್ಕಬೇಕಾಗಿತ್ತು!"

ಮರುದಿನ ಕುಂದಾಬಾಯಿ ಖಾನಾಪುರಕ್ಕೆ ಹೊರಟಿದ್ದ ನೆರೆಯವರ ಜೊತೆ ತವರಿಗೆ ಹೋದಳು. ಸಿಟ್ಟು ಇಳಿದರೆ ಬರುತ್ತಾಳೆ ಎಂದು ರಾಯರು ಖಾನಾವಳಿಯಲ್ಲಿ ಉಂಡುಕೊಂಡಿದ್ದರು. ಬರಲಿಲ್ಲ. ಊಟದ್ದು ಹೇಗೋ ನಡೆಯಿತು, ಮನೆಯೊಳಗಿನ ಆ ಸಣ್ಣ ದನಿ ಇಲ್ಲದೆ ನಡೆಯಲಿಲ್ಲ. ವಾಚನಾಲಯದ ಪುಸ್ತಕದ ಕೊನೆಯ ಹಾಳೆ ತೆರೆದರೂ ಅಕ್ಷರ ತಲೆಗೆ ಹತ್ತಲೊಲ್ಲದು. ರಾಯರಿಗೆ ಹೆಂಡತಿಯ ಮೇಲೆ ಬಹಳ ಜೀವ. ಹೇಳಿ ಅಭ್ಯಾಸವಿರಲಿಲ್ಲ, ಅಷ್ಟೆ. ಶನಿವಾರ ಕೋರ್ಟು ಬಿಟ್ಟದ್ದೇ ತಡ, ಖಾನಾಪುರದ ರೈಲುಗಾಡಿ ಹತ್ತಿದರು.

ಹಿರಿಯರ ಎದುರು ಗಂಡನೊಡನೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಹೀಗಾಗಿ ಕುಂದಾಬಾಯಿ ಬಾಗಿಲ ಹಿಂದೆ, ರಾಯರು ಜಮಖಾನೆಯ ಮೇಲೆ, ನಡುವೆ ಮಾವ ಪಾಂಡುರಂಗರಾಯರು.

"ಅಪ್ಪಾ, ಅವರನ್ನ ಕೇಳ್ರಿ, ಯಾಕ ಬಂದಾರಂತ."

"ಯಾಕ ಬಂದೀರಿ ಅಂತ ಕೇಳ್ತಾಳ," ಎಂದರು ಮಾವ, ಮಾತು ಇಬ್ಬರಿಗೂ ಕೇಳಿಸುತ್ತಿದ್ದರೂ.

"ಕರಕೊಂಡು ಹೋಗಲಿಕ್ಕೆ ಅಂತ ಹೇಳ್ರಿ, ಮಾವನವರ. ಆಕಿ ಇಲ್ಲದ ಮನಿಯೊಳಗ ನನಗ ಹೊತ್ತು ಹೋಗವಲ್ದು ಅಂತ ಹೇಳ್ರಿ."

ಮಾವನವರು ಕೆಂಪಾದರು. "ಇದನ್ನ ನಾ ಹ್ಯಾಂಗ ಹೇಳಲಿ? ಆಕಿಗೆ ಕೇಳಿಸೇದ ಬಿಡ್ರಿ."

ಬಾಗಿಲ ಹಿಂದೆ ಬಳೆಯ ಸಪ್ಪಳವಾಯಿತು. ಆಮೇಲೆ ಹೊಲಿಗೆ ಬಿಚ್ಚಿದ ಹಳೆಯ ಕನ್ನಡ ಪುಸ್ತಕವೊಂದು ಹೊಸ್ತಿಲ ಈಚೆಗೆ ಸರಿಯಿತು.

"ಇದನ್ನ ಮೊದಲನೇ ಹಾಳಿಯಿಂದ ಓದಲಿ. ಓದಿದ ಮ್ಯಾಲೆ ಬರ್ತೀನಿ ಅಂತ ಹೇಳ್ರಿ, ಅಪ್ಪಾ."

ರಾಯರ ಕೈ ತಾನಾಗಿ ಪುಸ್ತಕದ ಹಿಂದಕ್ಕೆ ಹೋಯಿತು. ಅಲ್ಲಿ ವಾಕ್ಯ ಅರ್ಧಕ್ಕೇ ನಿಂತಿತ್ತು!

"ಕೊನೀ ಹಾಳಿ ಎಲ್ಲೆ ಅವ?" ಪದ್ಧತಿ ಮರೆತು ನೇರವಾಗಿಯೇ ಕೇಳಿಬಿಟ್ಟರು.

"ನನ್ನ ಹತ್ರ ಅವ."

ಬೇರೆ ದಾರಿಯಿಲ್ಲದೆ ರಾಯರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಥೆಯನ್ನು ಆರಂಭದಿಂದ ಆರಂಭಿಸಿದರು. ಮದುವೆಮನೆಯಲ್ಲಿ ಮುತ್ತಿನ ನತ್ತು ಕಳುವಾಗಿದೆ. ಬೀಗರ ಮೇಲೆ ಸಂಶಯ, ಸೋದರತ್ತೆಯ ಮೇಲೆ ಸಂಶಯ. ರವಿವಾರ ಬೆಳಿಗ್ಗೆ ಸ್ನಾನಕ್ಕೆ ಕರೆದರೆ ರಾಯರು ಏಳಲಿಲ್ಲ. ಊಟಕ್ಕೆ ಪುಸ್ತಕದೊಂದಿಗೇ ಬಂದರು. ಮಧ್ಯಾಹ್ನದ ಹೊತ್ತಿಗೆ ಕುಂದಾಬಾಯಿಯ ಸಿಟ್ಟು ತಾನೇ ಕರಗಿತ್ತು. ಟ್ರಂಕು ತುಂಬಿ, ತಾಯಿಯಿಂದ ಕುಂಕುಮ ಹಚ್ಚಿಸಿಕೊಂಡು ಬಂದು ನಿಂತಳು.

"ನಡೀರಿ, ಗಾಡಿ ಹೊತ್ತಾತು. ಉಳಿದದ್ದು ಊರಾಗ ಓದೀರಂತ."

"ತಡೀ! ಸೋದರತ್ತಿ ಪೆಟಗಿ ತಗೀಲಿಕ್ಕತ್ತಾಳ!"

ಸೋದರತ್ತೆ ಪೆಟ್ಟಿಗೆ ತೆಗೆದು ಮುಚ್ಚುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿತು. ಕರೆಯಬಂದ ಗಂಡ ಹೊರಟು ನಿಂತ ಹೆಂಡತಿಯನ್ನೇ ಕಾಯಿಸಿದ ಸುದ್ದಿ ಕೇಳಿ ಓಣಿಯವರು ನಕ್ಕರು. ಕುಂದಾಬಾಯಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ಸೋಮವಾರ, ಕೈಯಲ್ಲಿದ್ದಷ್ಟನ್ನೂ ರಾಯರು ಓದಿ ಮುಗಿಸಿದ ಮೇಲೆ, ಕೋರ್ಟಿಗೆ ಚಕ್ಕರ್ ಕೊಟ್ಟು ಇಬ್ಬರೂ ಮಧ್ಯಾಹ್ನದ ಗಾಡಿ ಹತ್ತಿದರು. ಗಾಡಿ ಹೊರಟ ಮೇಲೆ ಆಕೆ ಸೆರಗಿನೊಳಗಿಂದ ಹಾಳೆಗಳನ್ನು ತೆಗೆದಳು. ರಾಯರು ಕೈ ಚಾಚಿದರು.

"ಊಹೂಂ. ನಾ ಓದ್ತೀನಿ, ನೀವು ಕೇಳ್ರಿ."

ಸಾಲಿನ ಕೆಳಗೆ ಬೆರಳು ನಿಧಾನವಾಗಿ ಸರಿಯಿತು. ಮೊದಮೊದಲು ರಾಯರು ಚಡಪಡಿಸಿದರು. ದೇಸೂರು ಸ್ಟೇಶನ್ ದಾಟುವ ಹೊತ್ತಿಗೆ ಅವರಿಗೆ ಒಂದು ಮಾತು ತಿಳಿಯಿತು. ಈಕೆಗೆ ಬೇಗ ಓದಲು ಬಾರದೆಂದಲ್ಲ, ಕಥೆ ಮುಗಿಯುವುದು ಬೇಡ. ಹೆಂಡತಿಯ ಓದುವ ಮುಖವನ್ನು ಅವರು ಇಷ್ಟು ಹತ್ತಿರದಿಂದ ಇಷ್ಟು ಹೊತ್ತು ನೋಡಿರಲೇ ಇಲ್ಲ. ಎಷ್ಟು ಚಂದ ಇದ್ದಾಳೆ ಅನ್ನಿಸಿತು.

ಬೆಳಗಾವಿ ಬಂದೇ ಬಿಟ್ಟಿತು. ಕಳ್ಳ ಇನ್ನೂ ಸಿಕ್ಕಿರಲಿಲ್ಲ.

"ಟಾಂಗಾ ಮಾಡ್ರಿ," ಎಂದು ಆಕೆ ಹಾಳೆ ಮಡಚಿದಳು.

"ಟಾಂಗಾ ಬ್ಯಾಡ! ಆ ಗಡಗಡ ಸಪ್ಪಳದಾಗ ನಿನ್ನ ದನಿ ಕೇಳಿಸೂದಿಲ್ಲ. ನೀ ಓದಕೋತ ನಡಿ."

"ಟ್ರಂಕು?"

ಆ ಸಂಜೆ ವಾಚನಾಲಯದ ಕಟ್ಟೆಯ ಮೇಲಿದ್ದವರು ಕಂಡದ್ದಿಷ್ಟು. ಮುಂದೆ ಕುಂದಾಬಾಯಿ, ಕೈಯಲ್ಲಿ ಹಾಳೆ ಹಿಡಿದು, ಓದುತ್ತ ಬರುತ್ತಿದ್ದಾಳೆ. ಹಿಂದೆ, ತಲೆಯ ಮೇಲೆ ಟ್ರಂಕು ಹೊತ್ತು, ಒಂದು ಕಿವಿ ಮುಂದಕ್ಕೆ ಚಾಚಿ, ಸಾಕ್ಷಾತ್ ಮಧುಕರರಾಯರು! ಮಾರ್ತಾಂಡರಾಯರ ಬಾಯಿಂದ ಎಲೆ ಅಡಿಕೆ ಜಾರಿ ಬಿತ್ತು.

"ಏನ್ರೀ ಇದು, ರಾಯರ?"

"ಸುಮ್ಮನಿರ್ರಿ!" ಎಂದು ರಾಯರು ಗದರಿಸಿದರು. "ಆಕಿ ಓದ್ಲಿಕ್ಕತ್ತಾಳ!"