ಒಂದು ಏಟಿಗೆ ಮೂರು ದಿನ

ನಮ್ಮ ಭಾವನ ಕಿವಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವುಡನೇ? ಛೆ ಛೆ! ಪಕ್ಕದ ಬೀದಿಯ ತಗಡಿನ ಮೇಲೆ ಕಾಗೆ ಕೂತರೂ ಕೇಳುತ್ತದೆ. "ಊಟಕ್ಕೆ ಬನ್ನಿ" ಎಂದು ನನ್ನ ತಂಗಿ ನಾಲ್ಕು ಸಲ ಕೂಗಿದ್ದು ಮಾತ್ರ ಕೇಳುವುದಿಲ್ಲ. ಹೌದು, ಆಸಾಮಿ ನನ್ನ ತಂಗಿಯ ಗಂಡ. ಒಂದನೇ ಕ್ಲಾಸಿನಿಂದ ನನ್ನ ಬೆಂಚಿನಲ್ಲೇ ಕೂತವನು, ಡ್ರಿಲ್ಲಿನ ಸಾಲಿನಲ್ಲಿ ಯಾವಾಗಲೂ ಕೊನೆಯ ಗಿಡ್ಡ. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗೆ ಎರಡೆರಡು ಕಡೆಯಿಂದ ಬಂದಿದೆ.

ರಿಪ್ಪನ್‌ಪೇಟೆಯಲ್ಲಿ ಹಿಟ್ಟಿನ ಗಿರಣಿಯಿದ್ದ ಕೋಣೆಯೊಂದರಲ್ಲಿ ಅವನ ರೆಕಾರ್ಡಿಂಗ್ ಸ್ಟುಡಿಯೋ. ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಗೋಣಿಚೀಲ, ಹಾಸಿಗೆ. ಮದುವೆಗೆ ನಾವು ಕೊಟ್ಟ ಹಾಸಿಗೆಯೂ ಅಲ್ಲೇ ನೇತಾಡುತ್ತಿದೆ. ಗಂಡ ಹೆಂಡತಿ ಚಾಪೆಯ ಮೇಲೆ, ಗೋಡೆ ಹಾಸಿಗೆಯ ಮೇಲೆ! ಕೇಳುವವರು ಯಾರು?

ಅವನ ಹುಚ್ಚೆಲ್ಲ ಸ್ನೇರ್ ಡ್ರಮ್ಮಿನ ಮೇಲೆ. ಶಾಲೆಯ ಬ್ಯಾಂಡಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಬಡಿಯುತ್ತಾರಲ್ಲ, ಅಡಿಯಲ್ಲಿ ತಂತಿ ಬಿಗಿದ ಡ್ರಮ್ಮು, ಅದೇ. ಹೊಸನಗರದ ಒಂದು ಮದುವೆಯಲ್ಲಿ ಆರ್ಕೆಸ್ಟ್ರಾದವರು ಹಾಡುತ್ತಿದ್ದಾಗ ಈ ಮಹಾನುಭಾವ ಸೀದಾ ಸ್ಟೇಜು ಹತ್ತಿ ಡ್ರಮ್ಮಿನ ಮೇಲೆ ಏನನ್ನೋ ಇಟ್ಟು ಇಳಿದು ಬಂದ. "ಗುಂಯ್ ಅಂತಿತ್ತು, ಈಗ ನಿಂತಿತು ನೋಡು" ಎಂದ. ಇಟ್ಟಿದ್ದು ಮದುಮಗಳ ಅಜ್ಜನ ಕವಳದ ಸಂಚಿ! ಆ ಅಜ್ಜ ಎಲೆಯಡಿಕೆ ಇಲ್ಲದೆ ಛತ್ರವನ್ನೆಲ್ಲ ತಲೆ ಮೇಲೆ ಹೊತ್ತುಕೊಂಡಿದ್ದರು.

ಸಾಗರದ ಭಜನಾ ಮಂಡಳಿಯವರ ಹಾಡಿಗೂ ಸ್ನೇರ್ ಬೇಕೇ? ಬೇಕಂತೆ! ಅದನ್ನು ಮಿಕ್ಸ್ ಮಾಡುವಾಗ ನನ್ನನ್ನು ಕೂರಿಸಿಕೊಂಡ. ಒಂದೇ ಏಟು ಮತ್ತೆ ಮತ್ತೆ. ಟಪ್. "ಈಗ?" ಟಪ್. "ಈಗ?" ಹೊಟ್ಟೆ ಚುರುಗುಟ್ಟುತ್ತಿತ್ತು. "ಆಹಾ, ಈಗ ಭಾರೀ ಚೆನ್ನಾಗಾಯ್ತು!" ಎಂದುಬಿಟ್ಟೆ.

"ಹೌದಾ? ನಾನು ಏನೂ ಮುಟ್ಟೇ ಇಲ್ಲ ಮಾರಾಯ!"

ಇಂಥವನ ಕೈಗೆ ನನ್ನ ಅಪ್ಪನನ್ನು ಒಪ್ಪಿಸಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು!

ಅಪ್ಪ ನಮ್ಮ ಶಾಲೆಯ ಡ್ರಿಲ್ ಮಾಸ್ತರರಾಗಿದ್ದವರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಅಪ್ಪನ ಡ್ರಮ್ಮಿಗೆ ಹೆಜ್ಜೆ ಹಾಕಿಕೊಂಡೇ ಕ್ಲಾಸಿಗೆ ಹೋಗಬೇಕು. ಆ ಮಾರ್ಚಿನ ಮೂರನೇ ಸಾಲಿನಲ್ಲಿ ಒಂದು ಏಟನ್ನು ಅವರು ಬೇಕೆಂದೇ ತುಸು ತಡ ಮಾಡುತ್ತಿದ್ದರು, ಹಿಂದೆ ಬಿದ್ದ ಸಣ್ಣಕಾಲಿನವರು ಓಡಿ ಬಂದು ಸೇರಿಕೊಳ್ಳಲಿ ಎಂದು. ಈಗ ಡ್ರಮ್ ಬಾರಿಸುವವರಿಲ್ಲ. "ಸರ್, ನಿಮ್ಮ ಮಾರ್ಚನ್ನೇ ರೆಕಾರ್ಡ್ ಮಾಡಿ ಕೊಡಿ, ಆಗಸ್ಟ್ ಹದಿನೈದಕ್ಕೆ ಹಾಕೋಣ" ಎಂದು ಹೆಡ್‌ಮೇಡಂ ಕೇಳಿದ್ದೇ ತಡ, ಅಪ್ಪ ಅಟ್ಟದಿಂದ ಡ್ರಮ್ ಇಳಿಸಿ ಒರೆಸತೊಡಗಿದರು. ಆದರೆ ವರ್ಷದಿಂದ ಅವರ ಕೈ ನಡುಗುತ್ತಿದೆ. ಇನ್ನೂ ಜಾಸ್ತಿಯಾಗುತ್ತದೆ ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದರು. ಬಾರಿಸಿದರೆ ಈಗಲೇ ಬಾರಿಸಬೇಕಿತ್ತು.

ಮೊದಲ ದಿನ ಅಪ್ಪ ಅರ್ಧ ಸಾಲು ಬಾರಿಸಿದ್ದರೋ ಇಲ್ಲವೋ, ಭಾವ ಹಾರಿ ಬಂದ.

"ನಿಲ್ಸಿ ಮಾವ, ನಿಲ್ಸಿ! ತಂತಿ ಕರಕರ ಅಂತಿದೆ. ಒಂದೇ ಏಟು ಹೊಡೀರಿ. ಒಂದೇ."

ಟಪ್. ಮೈಕು ಎರಡು ಬೆರಳು ಈಚೆ. ಟಪ್. ಬಸ್ಸು ಹಾರನ್ ಹೊಡೆಯಿತು, ಇನ್ನೊಂದು. ಟಪ್. ಚಾ ಬಂತು. "ಸ್ವಲ್ಪ ಮೆತ್ತಗೆ ಒಂದು ಹೊಡೀರಿ ಮಾವ." ಎರಡನೇ ದಿನವೂ ಇದೇ ರಾಮಾಯಣ. ಮೂರನೇ ದಿನವೂ ಇದೇ!

"ಶಾಲೇಲೂ ಇವ ಹೀಗೇ ಇದ್ದ" ಎಂದು ಅಪ್ಪ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅಪ್ಪ ಹೊರಗೆ ಹೋದದ್ದೇ ಕೂಗಾಡಿದೆ.

"ನಿಂಗೆ ಬೇಕಾಗಿದ್ದು ಏಟು, ಮಾರ್ಚಲ್ಲ! ಅಪ್ಪನ ಕೈ ಇನ್ನೆಷ್ಟು ದಿನ ಅಂತ ಗೊತ್ತುಂಟಾ? ಒಂದ್ಸಲ, ಒಂದೇ ಒಂದ್ಸಲ ಪೂರ್ತಿ ಹೊಡ್ಸೋಕೆ ಆಗ್ಲಿಲ್ವಾ?"

ಭಾವ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಆಮೇಲೆ ನಾನು ಅವನ ಜೊತೆ ಮಾತು ಬಿಟ್ಟೆ. ತಂಗಿಗೂ ಫೋನ್ ಮಾಡಲಿಲ್ಲ.

ಆಗಸ್ಟ್ ಹದಿನೈದಕ್ಕೆ ಅಪ್ಪನನ್ನು ಶಾಲೆಗೆ ಕರೆದುಕೊಂಡು ಹೋದೆ. ಬಾವುಟ ಹಾರಿತು. ಸ್ಪೀಕರಿನಲ್ಲಿ ಡ್ರಮ್ ಶುರುವಾಯಿತು. ಒಂದು ಸಾಲು. ಎರಡು ಸಾಲು. ಅಪ್ಪನ ಮಾರ್ಚೇ! ಮೊದಲಿಂದ ಕೊನೆಯವರೆಗೆ, ಒಂದು ಏಟೂ ನಡುಗಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಅಪ್ಪ ಕೇಳಿದರು, "ಪೂರ್ತಿ ಹೊಡ್ದಿದ್ನೇನೋ ನಾನು?"

"ಮತ್ತೆ? ಮೂರು ದಿನ ಹೊಡೀಲಿಲ್ವಾ ಮಾವ!" ಎಂದ ಸ್ಪೀಕರಿನ ಪಕ್ಕ ನಿಂತಿದ್ದ ಭಾವ.

ನಾನು ಅವನನ್ನು ಹಿಂದಕ್ಕೆ ಎಳೆದುಕೊಂಡು ಹೋದೆ.

"ಮೊದಲ್ನೇ ದಿನಾನೇ ಕೇಳ್ತು," ಎಂದ. "ಕೋಲು ನಡುಗಿ ಒಂದು ಬೀಳೋ ಕಡೆ ಎರಡು ಬೀಳ್ತಿತ್ತು. ಸಾಲು ಬರಲ್ಲ ಅಂತ ಗೊತ್ತಾಯ್ತು. ಒಂದೊಂದೇ ಆದ್ರೆ ಬರುತ್ತೆ. ಆಮೇಲೆ ಕಂಪ್ಯೂಟರಲ್ಲಿ ಜೋಡಿಸಿದೆ. ಎಲ್ಲಾ ಅವರದೇ ಏಟು."

"ಮತ್ತೆ ಆ ತಂತಿ?"

"ತಂತಿ ಸರೀನೇ ಇತ್ತು."

ಅವತ್ತು ನನ್ನ ಬೈಗುಳವನ್ನೆಲ್ಲ ತಿಂದು ಸುಮ್ಮನಿದ್ದನಲ್ಲ! ಏನಾದರೊಂದು ತಪ್ಪು ಹುಡುಕೋಣವೆಂದು ಗೊತ್ತಿದ್ದೂ ಕೇಳಿದೆ, "ಮೂರನೇ ಸಾಲಲ್ಲಿ ಒಂದು ಏಟು ತಡ ಆಯ್ತಲ್ಲ. ಅದನ್ನ ಸರಿ ಮಾಡ್ಬಾರ್ದಿತ್ತಾ?"

ಭಾವ ಮಕ್ಕಳ ಸಾಲನ್ನೇ ನೋಡುತ್ತಿದ್ದ.

"ಅದನ್ನ ಸರಿ ಮಾಡಿದ್ರೆ ನಾನು ಹೆಂಗೆ ಸಾಲು ಸೇರ್ಕೊಳ್ಳೋದು ಮಾರಾಯ?"