ರಾಮಾಪುರದಲ್ಲಿ ರೇಡಿಯೋ ಕೇಳುವವರು

ಕೊಳ್ಳೇಗಾಲದ ಪುಟ್ಟ ರೇಡಿಯೋ ಕೇಂದ್ರದಲ್ಲಿ ರಾತ್ರಿ ಹೊತ್ತು ‘ಹೊಲದ ಮಾತು’ ನಡೆಸುವ ಶಾಂತಮೂರ್ತಿಯವರಿಗೆ ತಮ್ಮ ದನಿಯ ಮೇಲೆ ಎಲ್ಲಿಲ್ಲದ ಮೋಹ! ಕೇಳುಗರ ಸರ್ವೆ ಮಾಡಿಸುತ್ತೇವೆ, ಯಾರೂ ಕೇಳುತ್ತಿಲ್ಲ ಅಂತಾದರೆ ಕಾರ್ಯಕ್ರಮ ಬಂದ್ ಎಂದು ಕೇಂದ್ರದವರು ಹೇಳಿದಾಗಲೂ ಮೀಸೆ ತಿರುವಿಕೊಂಡೇ ಮನೆಗೆ ಬಂದರು.

“ನೋಡ್ತಿರು ವೀರಾ! ಹನೂರು ಸೀಮೆಗೆ ಸೀಮೆಯೇ ನನ್ನ ದನಿಗೆ ಕಿವಿಗೊಟ್ಟು ಕೂತದೆ!”

“ಕೂತದೋ, ತೂಕಡಿಸ್ತಾ ಅದೋ, ಒಸಿ ಓಗಿ ನೋಡ್ಕಂಡು ಬನ್ನಿ,” ಎಂದರು ಹೆಂಡತಿ ವೀರಮ್ಮ, ರಾಗಿ ಹಿಟ್ಟು ಜರಡಿ ಹಿಡಿಯುತ್ತಾ.

ಮಹಾನುಭಾವರಿಗೆ ತಡೆಯಲಾದೀತೇ! ಸರ್ವೆಗೆ ಬಂದ ಶೃತಿ ಎಂಬ ಹುಡುಗಿಯ ಬೆನ್ನು ಹತ್ತಿ, ದಾರಿ ತೋರಿಸುವ ನೆಪದಲ್ಲಿ ಹನೂರು ಸೀಮೆಯ ರಾಮಾಪುರದ ಬಸ್ಸು ಏರಿಯೇಬಿಟ್ಟರು. “ಸಾರ್, ನಿಮ್ಮ ದನಿ ಕೇಳಿದ್ರೆ ಜನ ದಾಕ್ಷಿಣ್ಯಕ್ಕೆ ಸುಳ್ಳು ಹೇಳ್ತಾರೆ. ಬಾಯಿ ಬಿಡಬೇಡಿ,” ಎಂದಳು ಶೃತಿ. ಬಾಯಿ ಬಿಡದೆ ಇರುವುದು! ಜನ್ಮದಲ್ಲೇ ಅವರಿಗೆ ಅಂಥ ಶಿಕ್ಷೆ ಆಗಿರಲಿಲ್ಲ.

ಮೊದಲು ಸಿಕ್ಕವರು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮಾದಮ್ಮ.

“ಅಜ್ಜಿ, ನಿಮ್ಮನೇಲಿ ರೇಡಿಯೋ ಯಾರು ಕೇಳ್ತಾರೆ?”

“ಅಕ್ಕಪಕ್ಕದೋರೆಲ್ಲ ಕೇಳ್ತಾರೆ ಕಣವ್ವ. ನಾನು ಯಾರ್ಗೂ ಕೊಡಾಕಿಲ್ಲ!”

“ಅಯ್ಯೋ, ಕೊಡಿ ಅಂತ ಕೇಳೋದಲ್ಲ ಅಜ್ಜಿ. ಕಿವಿಯಿಂದ ಕೇಳೋದು!”

“ಅದಾ! ಅಂಗೆ ಕೇಳೋವು ಕಾಡಂದಿಗಳು.”

ಶೃತಿಯ ಪೆನ್ನು ನಿಂತಿತು. ಶಾಂತಮೂರ್ತಿಯವರ ಮೀಸೆ ತಿರುವುವ ಕೈಯೂ ನಿಂತಿತು.

“ರಾತ್ರಿ ಜ್ವಾಳದ ಒಲದಲ್ಲಿ ರೇಡಿಯೋ ಆಕಿ ಮಡಗ್ತೀವಿ ಕಣವ್ವ. ಸಿನಿಮಾ ಪದ ಬಂದ್ರೆ ಕೇಳ್ಕಂಡೇ ಮೇಯ್ತವೆ ಮುಂಡೇವು! ಅದ್ಯಾವನೋ ಶಾಂತಮೂರ್ತಿ ಅಂತ ಅವ್ನಲ್ಲ, ಅವ್ನು ಬಾಯಿ ತೆಗುದ್ರೆ ಸಾಕು, ಮರಿಗಿರಿ ಎಲ್ಲಾ ಕಟ್ಕಂಡು ಕಾಡಿಗೆ ಓಟ! ನಮ್ಮೂರ್ನಲ್ಲಿ ಎಲ್ರೂ ಅವನ್ನೇ ಆಕಾದು.”

ಶಾಂತಮೂರ್ತಿಯವರ ಮೌನವ್ರತ ಮುರಿದುಬಿತ್ತು. “ಅಲ್ಲಮ್ಮಾ, ಅವರು ಬೀಜ, ಗೊಬ್ಬರದ ಬಗ್ಗೆ ಎಷ್ಟು ಚೆನ್ನಾಗಿ ಹೇಳ್ತಾರೆ!”

ಅಜ್ಜಿ ಅವರೆಕಾಯಿ ಬಿಟ್ಟು ಎದ್ದೇ ನಿಂತರು. “ಅಯ್ಯೋ ನನ್ನಪ್ಪ, ನೀವೇಯಾ ಅದು! ದೇವ್ರು ಬಂದಂಗೆ ಬಂದ್ರಿ ಸಾ! ರೇಡಿಯೋ ಶೆಲ್ಲು ಮುಗ್ದೋಗದೆ, ಇವತ್ತೊಂದಿನ ಒಲದಲ್ಲಿ ಉಳ್ಕಳಿ!”

ಊರಿಡೀ ಅದೇ ಉತ್ತರ. ಕಾರ್ಯಕ್ರಮ ಉಳಿಯಿತು, ಉಳಿದದ್ದಷ್ಟೇ ಅಲ್ಲ, ರೈತರ ಒತ್ತಾಯದ ಮೇರೆಗೆ ಬೆಳಗಿನ ಜಾವದವರೆಗೂ ಲಂಬಿಸಿತು! ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಶಾಂತಮೂರ್ತಿಯವರು ಹೆಂಡತಿಯ ಮುಂದೆ ಎಲ್ಲ ಒಪ್ಪಿಸಿದರು. ವೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾಗಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಲ್ರೀ, ಕಾಡಂದಿಗಳೇ ತಡಕಳಕಾಗ್ದೆ ಓಡೋಯ್ತವಂತೆ. ಮದ್ವೆಯಾದಾಗಿಂದ ಕೇಳ್ಕಂಡು ಇಲ್ಲೇ ಕೂತಿವ್ನಲ್ಲ, ನನ್ನ ಸರ್ವೆ ಯಾರು ಮಾಡ್ತಾರೆ?”