ಬ್ರೇಕಿಲ್ಲದ ರ್ಯಾಕು

ಕೋದಂಡರಾಮಪ್ಪನವರಿಗೆ ಸ್ವಂತ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ವೇಮಗಲ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ನಟ್ಟು ಬೋಲ್ಟು ಅಳೆದು ಅಳೆದು ನಿವೃತ್ತರಾಗಿ, ಮುಳಬಾಗಿಲಿನ ಮನೆಯಲ್ಲಿ ಕಾಲು ಚಾಚೋಣವೆಂದರೆ, ಹಾಲ್ ತುಂಬ ಹೆಂಡತಿ ಆವಲಮ್ಮನ ಟೈಲರಿಂಗ್ ಸಾಮ್ರಾಜ್ಯ. ಕುರ್ಚಿಯ ಮೇಲೆ ಬ್ಲೌಸ್ ಪೀಸು, ದಿವಾನದ ಮೇಲೆ ಲೈನಿಂಗು. ಮೊನ್ನೆ ಪೇಪರ್ ಹಿಡಿದು ಕೂತವರು ಕೂತಷ್ಟೇ ವೇಗದಲ್ಲಿ ಎದ್ದಿದ್ದರು.

"ಗುಂಡುಪಿನ್ ಕಣೇ!"

"ನೋಡ್ಕೊಂಡು ಕೂತ್ಕೋಬಾರ್ದೇನ್ರೀ? ಮಾನಸನ ಮದುವೆ ಬ್ಲೌಸ್ ಬಟ್ಟೆ ಅದು. ಸುಕ್ಕಾಯ್ತೋ ಏನೋ!"

ಗಂಡನಿಗೇನಾಯಿತೆಂದು ಮಾತ್ರ ಕೇಳಲಿಲ್ಲ. (ಕೇಳಿದ್ದರೂ ಉತ್ತರ ಹೇಳುವ ಹಾಗಿರಲಿಲ್ಲ, ಬಿಡಿ.)

ಆದರೆ ಅವರ ಮನಸ್ಸಿಗೆ ಚುಚ್ಚಿದ್ದು ಬೇರೆ. ಮಾರನೆಯ ಬೆಳಿಗ್ಗೆ ಆವಲಮ್ಮ ಸ್ಟೂಲ್ ಹತ್ತಿ ಅಟ್ಟದ ಮೇಲಿಂದ ಬಟ್ಟೆ ಗಂಟು ಇಳಿಸುತ್ತಿದ್ದಳು. ಇಳಿದವಳು ಮಂಡಿ ಹಿಡಿದುಕೊಂಡು "ಅಮ್ಮಾ" ಎಂದು ಗೋಡೆಗೆ ಒರಗಿದಳು. ಗಂಡ ನೋಡುತ್ತಿರುವುದು ಕಂಡೊಡನೆ ನೆಟ್ಟಗೆ ನಿಂತು, "ಏನು, ಕಾಫಿನಾ?" ಎಂದಳು.

ಕೋದಂಡರಾಮಪ್ಪನವರು ಮರುಕವನ್ನು ಮಾತಿನಲ್ಲಿ ಹೇಳಿ ಅಭ್ಯಾಸವಿಲ್ಲದವರು. ಹಾಗಾಗಿ ಘೋಷಣೆ ಹೊರಡಿಸಿದರು: "ನಿನಗೊಂದು ರ್ಯಾಕ್ ಮಾಡಿಕೊಡ್ತೀನಿ. ಗಟ್ಟಿ ಮರದ್ದು. ಕೆಳಗಡೆ ಚಕ್ರ. ಕೂತಲ್ಲಿಂದಲೇ ಎಳ್ಕೋ, ತಳ್ಕೋ."

"ಪಕ್ಕದ ಬೀದೀಲಿ ಅಕ್ರಂ ಇದಾನಲ್ರೀ, ಅವನಿಗೆ ಹೇಳಿದ್ರೆ..."

"ನಾನಿರೋವಾಗ ಅಕ್ರಂ ಯಾಕೆ?"

ಬೈರಕೂರಿನ ತಮ್ಮನ ಮನೆಯಿಂದ ಬೇವಿನ ಹಲಗೆಗಳು ಬಂದವು. ಹಾಲ್‌ನಲ್ಲೇ ಅಳತೆ ನೋಡಿ ಹಾಲ್‌ನಲ್ಲೇ ಮಾಡಬೇಕೆಂಬುದು ಅವರ ಹಟ. ಆವಲಮ್ಮ ಹೊಲಿಗೆ ಮಿಷನ್ ಮೇಲೆ ಹಳೆ ಸೀರೆ ಹೊದಿಸಿ, ಒಂದು ಮಾತೂ ಆಡದೆ ಅಡುಗೆಮನೆಗೆ ಹೋದಳು. ನಾಲ್ಕು ದಿನ ಗರಗಸದ ಸಂಗೀತ, ಸುತ್ತಿಗೆಯ ತಾಳ. ಉಪ್ಪಿಟ್ಟಿನಲ್ಲೂ ಮರದ ಪುಡಿ. ಸಾಕ್ಷಾತ್ ವಿಶ್ವಕರ್ಮನೇ ಲುಂಗಿ ಉಟ್ಟು ಧರೆಗಿಳಿದಂತಿತ್ತು.

ಬಡಗಿ ಅಕ್ರಂ ಸದ್ದು ಕೇಳಿ ಬಂದು, ರ್ಯಾಕನ್ನು ತಟ್ಟಿ ನೋಡಿದ. "ಮಸ್ತ್ ಗಟ್ಟಿ ಐತೆ ಅಣ್ಣಾ. ಆನೆ ಕೂತ್ರೂ ಮುರಿಯಲ್ಲ. ಆದ್ರೆ ಚಕ್ರಕ್ಕೆ ಬ್ರೇಕ್ ಇಲ್ವಲ್ಲ? ಬ್ರೇಕ್ ಇರೋದೇ ಸಿಗ್ತದೆ, ಹಾಕ್ಸಿ."

"ರ್ಯಾಕಿಗೆ ಯಾಕಪ್ಪಾ ಬ್ರೇಕು? ಅದೇನು ಕೋಲಾರಕ್ಕೆ ಹೋಗುತ್ತಾ?"

ಐದನೆಯ ದಿನ ಆವಲಮ್ಮ ಬಟ್ಟೆ ಗಂಟುಗಳನ್ನೆಲ್ಲ ಜೋಡಿಸಿ, ರ್ಯಾಕಿಗೆ ಕುಂಕುಮವಿಟ್ಟಳು. ಚಕ್ರವಿದ್ದ ಮೇಲೆ ಅದೂ ವಾಹನವೇ ಎಂದು ನಾಲ್ಕಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟಳು. ಕೋದಂಡರಾಮಪ್ಪ ಹಿಂದಿನಿಂದ ತಳ್ಳಿದರು. ಅಲ್ಲಾಡಲಿಲ್ಲ. ಉಸಿರು ಕಟ್ಟಿ ಮತ್ತೊಮ್ಮೆ ತಳ್ಳಿದರು. ನಿಂಬೆಹಣ್ಣು ಪಚಕ್ ಎಂದಿತು. ರ್ಯಾಕು ಹೊರಟಿತು.

ಹೊರಟಿದ್ದು ನಿಲ್ಲಲಿಲ್ಲ. ಹೊಸ್ತಿಲಿಲ್ಲದ ಬಾಗಿಲು ದಾಟಿ, ಸ್ಕೂಟರ್ ಇಳಿಸಲು ಕಟ್ಟಿಸಿದ್ದ ಇಳಿಜಾರಿನಲ್ಲಿ ಸರಸರ ಇಳಿದು ಬೀದಿಗೆ ಬಿತ್ತು. ಬೀದಿಯೂ ಇಳಿಜಾರೇ! ಗಾಬರಿಯಲ್ಲಿ ಕೋದಂಡರಾಮಪ್ಪನವರ ನಾಲಿಗೆ ತೆಲುಗಿಗೆ ತಿರುಗಿತು. "ಪಟ್ಟುಕೋಂಡಿ! ಪಟ್ಟುಕೋಂಡಿ!" ಎಂದು ಹಿಡಿಯಲು ಕೂಗುತ್ತಾ ಒಂದು ಕೈಯಲ್ಲಿ ಲುಂಗಿ, ಒಂದು ಕೈಯಲ್ಲಿ ರ್ಯಾಕು ಹಿಡಿದು ಓಡಿದರು. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಮರ್ಯಾದಸ್ಥರಾದ್ದರಿಂದ ರ್ಯಾಕನ್ನು ಬಿಟ್ಟರು.

ಅದು ಬೀದಿ ನಲ್ಲಿಯ ಕಟ್ಟೆಗೆ ಡಿಕ್ಕಿ ಹೊಡೆದು ನಿಂತಿತು. ರ್ಯಾಕಿನ ಒಂದು ಮೊಳೆಯೂ ಅಲುಗಲಿಲ್ಲ. ಬಟ್ಟೆಗಳು ಮಾತ್ರ ನೀರು ಹಿಡಿಯುತ್ತಿದ್ದ ಹೆಂಗಸರ ಕಾಲ ಬಳಿ ಹರಡಿಬಿದ್ದವು. ಅವರಲ್ಲಿ ಮಾನಸಳೂ ಇದ್ದಳು. ಭಾನುವಾರ ಮದುವೆ. ತನ್ನ ಹೆಸರಿನ ಚೀಟಿ ಚುಚ್ಚಿದ್ದ ರೇಷ್ಮೆ ಬಟ್ಟೆ ಎತ್ತಿಕೊಂಡಳು. ಕತ್ತರಿಯೇ ಸೋಕಿರಲಿಲ್ಲ.

"ಆವಲಮ್ಮಕ್ಕಾ, ನಿನ್ನೆ ಕೇಳಿದ್ದಕ್ಕೆ ಹುಕ್ಕೊಂದೇ ಬಾಕಿ ಅಂದ್ರಲ್ಲ?" ಹುಡುಗಿಯ ಕಣ್ಣು ತುಂಬಿತು.

ಕುಂಟುತ್ತಾ ಬಂದ ಆವಲಮ್ಮನ ಮುಖ ಬಾಡಿತು. ಇಪ್ಪತ್ತು ವರ್ಷದ ಹೆಸರು ನಲ್ಲಿ ನೀರಿನಲ್ಲಿ ತೊಳೆದುಹೋಗುತ್ತಿತ್ತು. ಕೋದಂಡರಾಮಪ್ಪನವರಿಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಸುಳ್ಳು ಹೇಳದವರು ಎದೆಯುಬ್ಬಿಸಿ ಮುಂದೆ ಬಂದರು.

"ಅವಳದೇನೂ ತಪ್ಪಿಲ್ಲಮ್ಮ. ನಾಲ್ಕು ದಿನ ಅವಳನ್ನ ಮಿಷನ್ ಹತ್ರ ಕೂರೋಕೇ ನಾನು ಬಿಡಲಿಲ್ಲ. ತಪ್ಪೆಲ್ಲಾ ನಂದೇ. ಶನಿವಾರ ನಾನೇ ತಂದು ಕೊಡ್ತೀನಿ."

ಹೆಂಗಸರು ನಕ್ಕರು. ಮಾನಸಳೂ ಕಣ್ಣೊರೆಸಿಕೊಂಡು ಬಟ್ಟೆ ವಾಪಸು ಕೊಟ್ಟಳು.

ಅಕ್ರಂ ಬಂದು ರ್ಯಾಕನ್ನು ಮನೆ ತನಕ ತಳ್ಳಿಕೊಟ್ಟ. ಚಕ್ರಕ್ಕೆ ಇಟ್ಟಿಗೆ ಕೊಟ್ಟು ಕೋದಂಡರಾಮಪ್ಪ ಬೀಗುತ್ತಾ ಹೇಳಿದರು: "ಹೆಂಗೆ? ನಿನಗೋಸ್ಕರ ಎಂಥಾ ಸುಳ್ಳು ಹೇಳಿದೆ ನೋಡು!"

ಕತ್ತರಿ ಹಿಡಿದಿದ್ದ ಆವಲಮ್ಮ ತಲೆಯೆತ್ತಿದಳು. "ಸುಳ್ಳಾ? ಯಾವುದ್ರೀ ಸುಳ್ಳು? ನಾಲ್ಕು ದಿನ ಮಿಷನ್ ಮೇಲೆ ಗೇಣುದ್ದ ಮರದ ಪುಡಿ ಸುರಿಸಿದ್ದು ಯಾರು?"

ಕೋದಂಡರಾಮಪ್ಪನವರ ಎದೆ ಮೆಲ್ಲಗೆ ಒಳಕ್ಕೆ ಹೋಯಿತು.

"ಮತ್ತೆ... ಬೇಡ ಅಂತ ಹೇಳಬಾರದಾಗಿತ್ತಾ?"

"ಮೂವತ್ತೆರಡು ವರ್ಷಕ್ಕೆ ಮೊದಲನೇ ಸಲ ನನಗೋಸ್ಕರ ಏನೋ ಮಾಡ್ತಿದ್ರಿ. ಹೆಂಗೆ ಬೇಡ ಅನ್ನಲಿ?" ಎಂದು ಬಟ್ಟೆ ಕಡೆ ಬಾಗಿದಳು. ಕತ್ತರಿ ಒಂದು ಕ್ಷಣ ಹಾಗೇ ನಿಂತು ಆಮೇಲೆ ಓಡಿತು.

ಅವರು "ಹುಕ್ಕು ನಾನು ಹಾಕ್ತೀನಿ" ಎಂದು ಸೂಜಿ ದಾರ ಕೇಳಿ ತೆಗೆದುಕೊಂಡರು. ಶನಿವಾರ ಬೆಳಿಗ್ಗೆ ಬ್ಲೌಸ್ ಕೈಗೆ ಬರುತ್ತಲೇ ಕನ್ನಡಕವೇರಿಸಿ, ಸ್ಕೇಲಿನಲ್ಲಿ ಅಳೆದು, ಎರಡು ಬೆರಳು ಚುಚ್ಚಿಕೊಂಡು ಏಳು ಹುಕ್ಕು ಹಾಕಿದರು. ಕೂದಲೆಳೆಯಷ್ಟೂ ಅಂತರ ತಪ್ಪಿರಲಿಲ್ಲ. ಹೆಂಡತಿಯ ಮುಂದೆ ಹಿಡಿದರು.

ಆವಲಮ್ಮ ತಿರುಗಿಸಿ ನೋಡಿದಳು. ಏಳೂ ಹುಕ್ಕು ಹೊರಮೈಗೆ ಬಿದ್ದಿದ್ದವು.

ಅವಳು ಬಯ್ಯಲಿಲ್ಲ. ದಿವಾನದ ಮೇಲಿನ ಬಟ್ಟೆಗಳನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿ, ಕೈಗೊಂದು ಬ್ಲೇಡು ಕೊಟ್ಟಳು.

"ಕೂತ್ಕೊಳ್ಳಿ. ನಿಧಾನಕ್ಕೆ ಬಿಚ್ಚಿ."